ಬಿಸಿ ಇಟ್ಟಿಗೆ, ಕೆಂಪು ದೀಪ

ಗೋಡೆಯ ಮೇಲಿನ ದೀಪ ಇನ್ನೂ ಹಸಿರಾಗಿಯೇ ಇತ್ತು. ಸುಗಲಾ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬಿಸಿ ಇಟ್ಟಿಗೆಯನ್ನು ಸೊಂಟದ ಹಿಂಭಾಗಕ್ಕೆ ಒತ್ತಿಕೊಂಡಿದ್ದಳು. ಬಾಲಮೂಳೆಗಿಂತ ನಾಲ್ಕು ಬೆರಳು ಮೇಲೆ, ಚರ್ಮದ ಕೆಳಗೆ, ಹುಣಸೆಬೀಜದ ಗಾತ್ರದ ಕಾವಲುಬಿಲ್ಲೆ ಇತ್ತು. ಬಿಲ್ಲೆಗೆ ಬಿಸಿ ತಾಗಬೇಕು, ಚರ್ಮ ಸುಡಬಾರದು. ಆ ಹದ ಅವಳ ಕೈಗೆ ಹತ್ತಿ ವರ್ಷವಾಗಿತ್ತು. ಎಂಟನೆಯ ನಿಮಿಷಕ್ಕೆ ದೀಪ ಹಳದಿಯಾಗುತ್ತದೆ, ಒಂಬತ್ತನೆಯದಕ್ಕೆ ಕೆಂಪು. ಒಮ್ಮೆ ಕೆಂಪಾಯಿತೆಂದರೆ ಆರು ದಿನ ಅದನ್ನು ಯಾರೂ ಹಸಿರು ಮಾಡುವಂತಿರಲಿಲ್ಲ, ಅದನ್ನು ಕಂಡುಹಿಡಿದವರಿಗೂ ಆ ಅಧಿಕಾರವಿರಲಿಲ್ಲ.

ದೀಪ ಕೆಂಪಾಯಿತು. ಅವಳು ಎದ್ದು ಇಟ್ಟಿಗೆಯನ್ನು ಹಿತ್ತಲಿಗೆ ಒಯ್ದು ಬಚ್ಚಲ ಒಲೆಯ ಪಕ್ಕ ಇಟ್ಟು ಬಂದಳು. ಅಷ್ಟು ಹೊತ್ತಿಗೆ ಮೂರು ಗಂಟೆಯ ಬಸ್ಸು ಬೆಟಗೇರಿಯ ನಾಕಾದಲ್ಲಿ ನಿಂತ ಸದ್ದು ಕೇಳಿಸಿತು. ಐದು ನಿಮಿಷಕ್ಕೆ ಗಂಡ ಫಕೀರೇಶ ಬಾಗಿಲಲ್ಲಿದ್ದ. ಚೀಲ ಇಳಿಸಿದ, ಬೂಟು ಕಳಚಿದ, ನೀರು ಕೇಳುವುದಕ್ಕೂ ಮುಂಚೆ ಒಳಕೋಣೆಯಲ್ಲಿ ಇಣುಕಿ ಗೋಡೆ ನೋಡಿದ.

“ಕೆಂಪೈತಿ” ಎಂದ.

“ಹೌದ್ರಿ” ಎಂದಳು ಸುಗಲಾ.

ಅವನು ಗೂಟದ ಮೇಲಿನ ಹಾಸಿಗೆ ಸುರುಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಗೆ ಹೋದ. ಫಕೀರೇಶ ಗಾಳಿಯಿಂದ ವಿದ್ಯುತ್ ತೆಗೆಯುವ ಗಾಳಿಕಂಬಗಳ ದುರಸ್ತಿ ಮಾಡುವವನು. ಕಪ್ಪತಗುಡ್ಡದಿಂದ ಹಿಡಿದು ಚಿತ್ರದುರ್ಗದವರೆಗೆ ತಿಂಗಳಿಗೆ ಇಪ್ಪತ್ತು ದಿನ ಕಂಬ ಹತ್ತುವುದು, ಹತ್ತು ದಿನ ಮನೆ. ನೂರು ಮೀಟರು ಎತ್ತರದ ಕಂಬದ ನೆತ್ತಿಯಲ್ಲಿ ಕೆಲಸಗಾರನ ಜೀವ ನಿಂತಿರುವುದು ಒಂದು ದೀಪದ ಮೇಲೆ. ಕೆಂಪಿದ್ದರೆ ಮುಟ್ಟಬಾರದು, ಹಸಿರಿದ್ದರೆ ಮುಟ್ಟಬಹುದು. ದೀಪದ ಮೇಲೆ ಅನುಮಾನ ಬಂದರೆ ಮೊದಲು ದೂರು, ಆಮೇಲೆ ಕೆಲಸ. ಹದಿನಾರು ವರ್ಷ ಈ ನಿಯಮ ಮೀರದೆ ಬದುಕಿದ್ದವನು ಮನೆಯ ದೀಪವನ್ನೂ ಅದೇ ಭಕ್ತಿಯಿಂದ ಕಾಣುತ್ತಿದ್ದ. ಹೆಂಡತಿಯ ಮುಖ ನೋಡುವ ಅಭ್ಯಾಸ ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ.

ಸುಗಲಾಳ ಕಾಯಿಲೆಯ ಹೆಸರು ಹರ್ಪಿಸ್. ಆ ವೈರಾಣು ಒಮ್ಮೆ ಮೈ ಹೊಕ್ಕರೆ ಹೊರಗೆ ಹೋಗುವ ಮಾತಿಲ್ಲ. ಬೆನ್ನುಹುರಿಯ ಬುಡದ ನರಗಂಟುಗಳಲ್ಲಿ ಬಾಡಿಗೆ ಕೊಡದ ಬಿಡಾರ ಹೂಡಿ ಸುಮ್ಮನೆ ಮಲಗಿರುತ್ತದೆ. ಮೈಯ ರಕ್ಷಣೆ ಸಡಿಲವಾಯಿತೆಂದರೆ ನರದ ಗುಂಟ ಇಳಿದು ಬಂದು ಗುಪ್ತಾಂಗದಲ್ಲಿ ನೀರುಗುಳ್ಳೆಗಳಾಗಿ ಏಳುತ್ತದೆ, ಒಡೆದು ಹುಣ್ಣಾಗುತ್ತದೆ, ವಾರ ಕಳೆದು ಮಾಯುತ್ತದೆ, ಮತ್ತೆ ಹೋಗಿ ಮಲಗುತ್ತದೆ. ಕೆಲವು ಹೆಂಗಸರಲ್ಲಿ ಅದು ಏಳುವ ಹೊತ್ತು ಹೆಚ್ಚಾಗಿ ಮುಟ್ಟಿನ ಆಸುಪಾಸು. ಆ ದಿನಗಳಲ್ಲಿ ಹಾರ್ಮೋನಿನ ಮಟ್ಟ ಇಳಿಯುತ್ತದಲ್ಲ, ಅದೇ ಅದಕ್ಕೆ ಸನ್ನೆ. ಸುಗಲಾಳಿಗೆ ಮುಟ್ಟಾಗುವ ಎರಡು ದಿನ ಮೊದಲೇ ತೊಡೆಯ ಒಳಗೆ ಇರುವೆ ಹರಿದಂತಾಗುತ್ತಿತ್ತು. ಮರುದಿನ ಗುಳ್ಳೆ. ಅದರ ಮರುದಿನ ರಕ್ತವೂ ಹುಣ್ಣೂ ಒಟ್ಟಿಗೆ. ಮೂತ್ರ ಮಾಡುವಾಗ ಬಚ್ಚಲ ಗೋಡೆಗೆ ಹಣೆ ಒತ್ತಿ ಸೆರಗು ಕಚ್ಚಿ ನಿಲ್ಲುತ್ತಿದ್ದಳು. ನೋಟುಬುಕ್ಕಿನ ಬೈಂಡಿಂಗ್ ಕಾರ್ಖಾನೆಯಲ್ಲಿ ಎಲ್ಲರೂ ಕುಳಿತು ಹೊಲಿಯುವ ಕೆಲಸವನ್ನು ಅವಳು ಆ ದಿನಗಳಲ್ಲಿ ನಿಂತೇ ಹೊಲಿಯುತ್ತಿದ್ದಳು. ಯಾಕೆಂದು ಕೇಳಿದವರಿಗೆ ಕಾಲು ಜೋಮು ಹಿಡಿಯುತ್ತದೆ ಎನ್ನುತ್ತಿದ್ದಳು.

ಮೊದಲ ಸಲ ಗುಳ್ಳೆ ಎದ್ದದ್ದು ಮದುವೆಯಾದ ಆರನೆಯ ತಿಂಗಳಿಗೆ. ಅತ್ತೆ ದ್ಯಾಮವ್ವ ನೋಡಿದವಳೇ ‘ಉಷ್ಣ’ ಎಂದು ತೀರ್ಮಾನ ಕೊಟ್ಟಳು. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿಸಿದಳು, ನೆತ್ತಿಗೆ ಹರಳೆಣ್ಣೆ ತಟ್ಟಿದಳು, ಬದನೆಕಾಯಿ ಬಿಡಿಸಿದಳು. ಗುಳ್ಳೆ ವಾರಕ್ಕೆ ತಾನಾಗಿಯೇ ಹೋಯಿತು, ಹೆಸರು ಕೊತ್ತಂಬರಿಗೆ ಬಂತು. ಮುಂದಿನ ತಿಂಗಳು ಮತ್ತೆ ಎದ್ದಿತು. ಹೀಗೆ ಒಂದೂವರೆ ವರ್ಷ ಉಷ್ಣದ ಮೇಲೆ ತಪ್ಪು ಹೊರಿಸಿ, ಕಡೆಗೆ ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿಯ ವೈದ್ಯೆ ಬಾಗಿಲು ಹಾಕಿ ನಿಜ ಹೇಳಿದಳು. ಇದು ಕೂಡುವಿಕೆಯಿಂದ ದಾಟುವ ಕಾಯಿಲೆ, ಅನೇಕರ ಮೈಯಲ್ಲಿ ಇದು ಇದ್ದರೂ ಒಂದು ಗುಳ್ಳೆಯೂ ಏಳುವುದಿಲ್ಲ, ತಮ್ಮಲ್ಲಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ, ಗಂಡನನ್ನೂ ಕರೆದುಕೊಂಡು ಬಾ ಎಂದಳು.

ಸುಗಲಾ ಮನೆಗೆ ಬಂದು ಗಂಡನಿಗೆ ಅದನ್ನು ಹೇಳಿದಳು. ಫಕೀರೇಶ ಊಟ ಮಾಡುತ್ತಿದ್ದವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ನನಗೇನೂ ಆಗಿಲ್ಲ. ನಿನಗ ಆಗೇತಿ” ಎಂದ. ಆಮೇಲೆ ತಾಟಿನ ಕಡೆ ನೋಡುತ್ತಲೇ, “ಎಲ್ಲಿಂದ ತಂದಿ?” ಎಂದ.

ಅಷ್ಟೇ. ಬೈಯಲಿಲ್ಲ, ಕೈ ಎತ್ತಲಿಲ್ಲ. ಊಟ ಮುಗಿಸಿ ಕೈ ತೊಳೆದ. ಆಸ್ಪತ್ರೆಗೂ ಹೋಗಲಿಲ್ಲ. ಆ ವಾರದಲ್ಲೇ ಎಂದಿನಂತೆ ಅವಳ ಪಕ್ಕ ಬಂದು ಮಲಗಿದ, ಮಾತನ್ನು ಮರೆತೂಬಿಟ್ಟ. ಸುಗಲಾ ಮರೆಯಲಿಲ್ಲ. ಹದಿನೆಂಟು ತಿಂಗಳ ನೋವನ್ನು ಅವಳು ನುಂಗಿದ್ದಳು, ಆ ಎರಡು ಪದಗಳನ್ನು ನುಂಗಲಾಗಲಿಲ್ಲ. ಅಂದಿನಿಂದ ಅವನ ಕೈ ಮೈಗೆ ತಾಗಿದರೆ ಅವಳಿಗೆ ಒಳಗೊಳಗೇ ವಾಕರಿಕೆ. ಹೇಳುವುದು ಹೇಗೆ? ಅವಳ ತಾಯಿ ತನ್ನ ಗಂಡನಿಗೆ ಅಂಥದ್ದು ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ, ಅತ್ತೆ ಹೇಳಿದ್ದನ್ನೂ ಕೇಳಿರಲಿಲ್ಲ. ಅನ್ನ ಬೇಡ, ಸಾರು ಬೇಡ ಎನ್ನಬಹುದಾದ ಮನೆಯಲ್ಲಿ ಈ ಒಂದು ‘ಬೇಡ’ಕ್ಕೆ ಮಾತ್ರ ರೂಢಿ ಇರಲಿಲ್ಲ.

ಹಾಗಾಗಿ ಹುಣ್ಣೇ ಅವಳ ಪರವಾಗಿ ಮಾತಾಡುತ್ತಿತ್ತು. ಗುಳ್ಳೆ ಎದ್ದ ದಿನ ಅವನು ಮುಖ ಸಿಂಡರಿಸಿ ಪಡಸಾಲೆಗೆ ಹೋಗುತ್ತಿದ್ದ. ವಾರದ ಹುಣ್ಣನ್ನು ಅವಳು ಹತ್ತು ದಿನಕ್ಕೆ ಎಳೆಯುತ್ತಿದ್ದಳು. ಎಂಥ ಗತಿ ನೋಡಿ, ಯಾವ ಕಾಯಿಲೆಗಾಗಿ ಅಳುತ್ತಿದ್ದಳೋ ಅದರ ಬೆನ್ನ ಹಿಂದೆಯೇ ಅವಿತುಕೊಳ್ಳಬೇಕು.

ಹೀಗೇ ಮೂರೂವರೆ ವರ್ಷ ಕಳೆಯುವಷ್ಟರಲ್ಲಿ ಕಾವಲುಬಿಲ್ಲೆ ಬಂತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಅದನ್ನು ಕಟ್ಟಿ, ಜಿಲ್ಲೆಯ ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ಕೂರಿಸತೊಡಗಿದರು. ವೈರಾಣು ಏಳುವ ಮುನ್ನ ನರಗಂಟಿನಲ್ಲಿ ಆಗುವ ಬದಲಾವಣೆಯನ್ನು ಬಿಲ್ಲೆ ಗುರುತಿಸುತ್ತದೆ, ಆ ಕ್ಷಣವೇ ತನ್ನೊಳಗಿನ ಔಷಧವನ್ನು ನರದ ಬುಡಕ್ಕೆ ಬಿಡುತ್ತದೆ. ಗುಳ್ಳೆ ಏಳುವುದೇ ಇಲ್ಲ. ಆದರೂ ಆ ಆರು ದಿನ ವೈರಾಣು ಇನ್ನೊಬ್ಬರಿಗೆ ದಾಟುವ ಸಂಭವ ಉಂಟು. ಅದಕ್ಕಾಗಿ ಮಲಗುವ ಕೋಣೆಯ ಗೋಡೆಗೆ ಒಂದು ಸೂಚಕದೀಪ. ಕೆಂಪಾದರೆ ದೂರವಿರಬೇಕು, ಹಸಿರಾದರೆ ಭಯವಿಲ್ಲ. ದ್ಯಾಮವ್ವನೇ ಸೊಸೆಯ ಕೈ ಹಿಡಿದು ಕರೆದುಕೊಂಡು ಹೋಗಿ ಬಿಲ್ಲೆ ಹಾಕಿಸಿ ತಂದಳು.

ಬಿಲ್ಲೆ ಹೇಳಿದ್ದನ್ನು ಮಾಡಿತು, ಅದರಲ್ಲಿ ಸುಳ್ಳಿಲ್ಲ. ನಾಲ್ಕು ತಿಂಗಳಲ್ಲಿ ಒಂದೂ ಗುಳ್ಳೆ ಏಳಲಿಲ್ಲ. ಸುಗಲಾ ಮುಟ್ಟಿನ ದಿನವೂ ಎಲ್ಲರ ಸಾಲಿನಲ್ಲಿ ಕುಳಿತು ಹೊಲಿದಳು. ಬಚ್ಚಲಿಗೆ ಹೋಗಿ ಅಳದೆ ಹೊರಗೆ ಬಂದ ಮೊದಲ ದಿನ ಅವಳು ಆ ಕಾಣದ ವಿಜ್ಞಾನಿಗಳಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದಳು. ಆದರೆ ತಿಂಗಳ ಆರು ದಿನ ಬಿಟ್ಟರೆ ದೀಪ ಹಸಿರು. ಫಕೀರೇಶನ ಹತ್ತು ದಿನಗಳಲ್ಲಿ ಅದು ಕೆಂಪಾಗುವುದು ಅಪರೂಪವಾಯಿತು. ಅವನು ಬಂದವನೇ ಗೋಡೆ ನೋಡುತ್ತಿದ್ದ, ಹಸಿರು ಎಂದು ತಲೆಯಾಡಿಸುತ್ತಿದ್ದ. ನೋವನ್ನು ತೆಗೆದುಕೊಂಡು ಹೋದ ಯಂತ್ರ ನೆವವನ್ನೂ ಕೊಂಡೊಯ್ದಿತ್ತು.

ಇಟ್ಟಿಗೆಯ ಗುಟ್ಟು ಸಿಕ್ಕಿದ್ದು ಆಕಸ್ಮಿಕ. ಮುಟ್ಟಿನ ಸೊಂಟನೋವಿಗೆ, ಬಾಣಂತಿಯ ಬೆನ್ನುನೋವಿಗೆ ಇಟ್ಟಿಗೆ ಕಾಸಿ ಶಾಖ ಕೊಡುವುದು ಆ ಕಡೆಯ ಹೆಂಗಸರ ಹಳೆಯ ರೂಢಿ. ದ್ಯಾಮವ್ವ ಕೇವಲ ಅದಕ್ಕಾಗಿ ಹಿತ್ತಲ ಬಚ್ಚಲ ಒಲೆಯನ್ನು ಕೆಡವಲು ಬಿಟ್ಟಿರಲಿಲ್ಲ. ಒಂದು ದಿನ ಸೊಸೆಯ ಸೊಂಟಕ್ಕೆ ಶಾಖ ಕೊಡುತ್ತಿರುವಾಗ, ಹಸಿರಾಗಿದ್ದ ದೀಪ ಕಣ್ಣೆದುರೇ ಕೆಂಪಾಯಿತು. ಅಂದು ಮಧ್ಯಾಹ್ನ ಫಕೀರೇಶ ಬಂದ, ನೋಡಿದ, ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋದ. ಸುಗಲಾ ಬಹಳ ದಿನಗಳ ಮೇಲೆ ಕಾಲು ಚಾಚಿ ಮಲಗಿದಳು.

ಅಲ್ಲಿಂದ ಮುಂದೆ ಲೆಕ್ಕಾಚಾರ ಅವಳದು. ಗಂಡ ಬರುವ ಐದನೆಯ ತಾರೀಕು ಒಮ್ಮೆ, ಹನ್ನೊಂದಕ್ಕೆ ಇನ್ನೊಮ್ಮೆ. ಪ್ರತಿ ಸಲ ದೀಪ ಕೆಂಪಾದಾಗ ಬೇಡದ ಔಷಧ ಮೈಗೆ ಇಳಿಯುತ್ತಿತ್ತು. ಎರಡು ದಿನ ತಲೆ ಸಿಡಿಯುತ್ತಿತ್ತು, ಬಾಯಿ ಕಹಿಯಾಗುತ್ತಿತ್ತು. ಅಷ್ಟಕ್ಕೆ ಅಷ್ಟು ಎಂದುಕೊಂಡಳು. ದ್ಯಾಮವ್ವ ಏನನ್ನೂ ಕೇಳಲಿಲ್ಲ. ಆದರೆ ಮಗ ಬರುವ ದಿನ, ಸೊಸೆ ಬಾಯಿಬಿಡುವ ಮುಂಚೆಯೇ, ಇಟ್ಟಿಗೆ ಒಲೆಯ ಮೇಲೆ ಇರುತ್ತಿತ್ತು.

ಹೀಗೆ ಒಂದು ವರ್ಷ ನಡೆಯಿತು. ಒಂದು ಬೆಳಿಗ್ಗೆ, ಫಕೀರೇಶ ಊರಲ್ಲಿಲ್ಲದಾಗ, ಬೆಂಗಳೂರಿನಿಂದ ಡಾಕ್ಟರ್ ವಾರಿಜಾ ಎಂಬಾಕೆ ಮನೆ ಹುಡುಕಿಕೊಂಡು ಬಂದಳು. ಕಾವಲುಬಿಲ್ಲೆಯನ್ನು ಕಟ್ಟಿದ ತಂಡದ ಮುಖ್ಯಸ್ಥೆ. ಐವತ್ತು ದಾಟಿದ, ಕತ್ತರಿಸಿದ ನರೆಗೂದಲಿನ, ಮೈಸೂರು ಕಡೆಯ ಹೆಂಗಸು. ದ್ಯಾಮವ್ವ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ ಚುನುಮುರಿ ಸುಸಲಾ ಮಾಡಿ ತಂದಿಟ್ಟಳು. ವಾರಿಜಾ ನೆಲದ ಮೇಲೆಯೇ ಕುಳಿತು ತಿಂದಳು. ಸುಗಲಾ ಬಾಗಿಲಿಗೆ ಒರಗಿ ನಿಂತಿದ್ದಳು.

“ಗಾಬರಿಯಾಗಬೇಡಿ, ತಪ್ಪು ನಿಮ್ಮದಲ್ಲ, ನಮ್ಮದೇ ಇರಬೇಕು” ಎಂದಳು ವಾರಿಜಾ. “ವರ್ಷಕ್ಕೆ ಅಂತ ತುಂಬಿಸಿದ ಔಷಧ ನಿಮ್ಮ ಬಿಲ್ಲೇಲಿ ಏಳು ತಿಂಗಳಿಗೇ ಖಾಲಿಯಾಗುತ್ತೆ. ನಿಮ್ಮೊಬ್ಬರದೇ ಅಲ್ಲ. ಈ ಕಡೆ ನಾಲ್ಕು ಜಿಲ್ಲೇಲಿ ಇನ್ನೂರ ಹನ್ನೆರಡು ಬಿಲ್ಲೆ ಹೀಗೇ ಆಗಿವೆ. ನಮ್ಮ ಕಡೆ ಒಂದೂ ಇಲ್ಲ. ಯಾಕೆ ಅಂತ ತಲೆ ಕೆಟ್ಟುಹೋಗಿದೆ ನನಗೆ.”

ಇನ್ನೂರ ಹನ್ನೆರಡು. ಸುಗಲಾ ಆ ಸಂಖ್ಯೆಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡಳು. ತಾನೊಬ್ಬಳೇ ಎಂದುಕೊಂಡಿದ್ದಳು.

“ಗುಳ್ಳಿ ಏಳೂದು ಅದಕ್ಕ ಹೆಂಗ ಗೊತ್ತಾಗತೈತ್ರಿ?” ಎಂದು ಕೇಳಿದಳು, ಏನಾದರೂ ಮಾತಾಡಬೇಕಲ್ಲ ಎಂದು.

ವಾರಿಜಾಳಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಸುಸಲಾದ ತಟ್ಟೆ ಪಕ್ಕಕ್ಕಿಟ್ಟಳು. “ವೈರಾಣು ಏಳೋಕೆ ಮುಂಚೆ ನರಗಂಟು ಒಂಚೂರು ಬಿಸಿಯಾಗುತ್ತೆ. ನಮಗೆ ಗೊತ್ತಾಗೋದಿಲ್ಲ, ಬಿಲ್ಲೆಗೆ ಗೊತ್ತಾಗುತ್ತೆ. ಜೊತೆಗೆ ರಕ್ತದಲ್ಲಿ ಹಾರ್ಮೋನು ಇಳಿದಿದೆಯಾ ಅಂತಾನೂ ನೋಡುತ್ತೆ. ಎರಡರಲ್ಲಿ ಒಂದು ಜೋರಾಗಿದ್ರೂ ಸಾಕು, ಎಚ್ಚರಿಸು ಅಂತ ಹೇಳಿಕೊಟ್ಟಿದೀವಿ. ಹತ್ತು ಸಲ ಸುಮ್ಮಸುಮ್ಮನೆ ಕೂಗಿದ್ರೂ ಪರವಾಗಿಲ್ಲ, ನಿಜವಾದಾಗ ಒಂದು ಸಲಾನೂ ಸುಮ್ಮನಿರಬಾರದು ಅಂತ.”

“ಜ್ವರಾ ಬಂದ್ರ?”

“ಜ್ವರದಲ್ಲಿ ಇಡೀ ಮೈ ಬಿಸಿಯಾಗುತ್ತೆ, ಅದು ಬಿಲ್ಲೆಗೆ ಗೊತ್ತು. ಬಿಸಿಲಲ್ಲಿ ಪರೀಕ್ಷೆ ಮಾಡಿದೀವಿ, ಬಿಸಿನೀರಿನ ಸ್ನಾನ ಆಯ್ತು, ಏನೂ ತೊಂದರೆ ಇಲ್ಲ. ಆ ಒಂದೇ ಜಾಗ ಎಂಟೊಂಬತ್ತು ನಿಮಿಷ ಬಿಸಿಯಾಗೋದು ಅಂದ್ರೆ ನರಗಂಟಿಂದ ಮಾತ್ರ ಸಾಧ್ಯ.”

ಒಳಗಿನಿಂದ ಚಹಾ ತರುತ್ತಿದ್ದ ದ್ಯಾಮವ್ವ ಅಲ್ಲೇ ನಿಂತಳು. “ಹಂಗಾರ ನಾವು ಕಾಸೂ ಇಟ್ಟಂಗಿ ಬಿಸಿನೂ ಅದಕ್ಕ ತಟ್ಟತೈತೇನ್ರಿ ಬಾಯಾರ?”

“ಯಾವ ಇಟ್ಟಿಗೆ?”

ಸುಗಲಾ ಅತ್ತೆಯ ಕಡೆ ನೋಡಿದಳು. ಮುದುಕಿಗೆ ಆ ನೋಟ ಕಾಣಲಿಲ್ಲವೋ, ಕಂಡರೂ ಮಾತು ಬಾಯಿಂದ ಜಾರಿ ಆಗಿತ್ತೋ. ಆಕೆ ಹಿತ್ತಲಿಗೆ ಹೋಗಿ ಮಸಿ ಹಿಡಿದ ಇಟ್ಟಿಗೆಯನ್ನು ತಂದು ವಾರಿಜಾಳ ಮುಂದಿಟ್ಟಳು. “ಕಡಿಗಾದಾಗ, ಅಂದ್ರ ಮುಟ್ಟಾದಾಗ, ಸೊಂಟ ಹಿಡಕೋತೈತಲ್ರಿ, ಅದಕ್ಕ ಕಾಸತೀವಿ. ನಮ್ಮವ್ವನೂ ಕಾಸತಿದ್ಲು” ಎಂದಳು.

ವಾರಿಜಾ ಇಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಆರು ವರ್ಷ, ಇಪ್ಪತ್ತಾರು ಜನ” ಎಂದಳು ಕಣ್ಣೊರೆಸಿಕೊಳ್ಳುತ್ತ. “ಅದರಲ್ಲಿ ಹದಿಮೂರು ಜನ ಹೆಂಗಸರು. ಒಬ್ಬಳಿಗಾದ್ರೂ ಇದು ಹೊಳೀಬೇಡವಾ? ನಾವೆಲ್ಲ ಮಾತ್ರೆ ನುಂಗಿ ಬೆಳೆದವರು.”

ಆ ನಗುವಿನಲ್ಲಿ ದ್ಯಾಮವ್ವನೂ ಸೇರಿಕೊಂಡಳು. ಇಷ್ಟು ದೊಡ್ಡ ಯಂತ್ರವನ್ನು ತನ್ನ ಇಟ್ಟಿಗೆ ಮೋಸಗೊಳಿಸಿತೆಂದು ಆಕೆಗೆ ಹೆಮ್ಮೆಯೇ ಆಗಿರಬೇಕು. ಬಂದವರಿಗೆ ಕುಂಕುಮ ಕೊಡಬೇಕು ಎನ್ನುತ್ತ ದೇವರ ಕೋಣೆಗೆ ಹೋದಳು. ವಾರಿಜಾ ಚೀಲದಿಂದ ಅಂಗೈಯಗಲದ ಓದುಯಂತ್ರ ತೆಗೆದು ಸುಗಲಾಳ ಬೆನ್ನಿಗೆ ಹಿಡಿದು, ವರ್ಷದ ದಾಖಲೆಯನ್ನು ಒಂದೊಂದಾಗಿ ನೋಡುತ್ತ ಹೋದಳು. ನಗು ಕಡಿಮೆಯಾಗುತ್ತ ಬಂತು, ಕಡೆಗೆ ನಿಂತಿತು.

“ಜೂನ್ ಐದು. ಮುಟ್ಟಾಗಿ ಹನ್ನೆರಡನೇ ದಿನ. ಅವತ್ತು ಯಾಕೆ ಕಾಸಿದ್ರಿ?”

“ಸೊಂಟ ನೋವಾಗಿತ್ತ್ರಿ.”

“ಜೂನ್ ಹನ್ನೊಂದು. ಜುಲೈ ಐದು, ಜುಲೈ ಹನ್ನೊಂದು. ಆಗಸ್ಟಲ್ಲೂ ಅದೇ ಎರಡು ದಿನ. ಸೊಂಟಕ್ಕೆ ತಾರೀಕು ಗೊತ್ತಾಗುತ್ತಾ ಸುಗಲಾ?”

ಸುಗಲಾ ನೆಲ ನೋಡಿದಳು. ದೇವರ ಕೋಣೆಯಲ್ಲಿ ಗಂಟೆ ಅಲುಗಿದ ಸಣ್ಣ ಸದ್ದಾಯಿತು. ಸುಳ್ಳು ಹೇಳಿ ಸಾಕಾಗಿತ್ತು ಅವಳಿಗೆ. “ಐದನೇ ತಾರೀಕಿಗೆ ಅವರು ಮನಿಗೆ ಬರ್ತಾರ್ರಿ” ಎಂದಳು.

ವಾರಿಜಾ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ದನಿ ತಗ್ಗಿಸಿ ಕೇಳಿದಳು. “ಹೊಡೀತಾರಾ?”

“ಇಲ್ರಿ. ಹೊಡದಿದ್ರ ಯಾರಿಗರ ಹೇಳಾಕ ಬರ್ತಿತ್ತು.”

“ಮತ್ತೆ?”

“ಈ ಜಡ್ಡು ಅವರಿಂದನ ಬಂದೈತ್ರಿ. ನಾ ಇನ್ನೊಬ್ಬರ ಮುಖಾ ನೋಡಿದಾಕಿ ಅಲ್ಲ. ಎಲ್ಲಿಂದ ತಂದಿ ಅಂತ ನನ್ನ ಕೇಳಿದ್ರು. ಅವತ್ತಿಂದ ನನಗ ಆಗೂದಿಲ್ರಿ. ಅವರಿಗೆ ಅದು ನೆನಪೂ ಇಲ್ಲ.”

“ಬೇಡ ಅಂತ ಹೇಳಬಹುದಲ್ವಾ?”

“ನೀವು ಹೇಳತೀರೇನ್ರಿ, ನಿಮ್ಮ ಮನ್ಯಾಗ?”

ವಾರಿಜಾ ಒಳಕೋಣೆಯ ಗೋಡೆಯ ಮೇಲಿನ ದೀಪದ ಕಡೆ ಬೆರಳು ತೋರಿಸಿ, “ಆ ದೀಪ ಬೇಕು ಅಂತ ಹಟ ಹಿಡಿದು ಸೇರಿಸಿದವಳು ನಾನು” ಎಂದಳು. “ಹೆಂಗಸರು ಬಾಯಿಬಿಟ್ಟು ಹೇಳೋ ಕಷ್ಟ ತಪ್ಪಲಿ ಅಂತ. ದೀಪಾನೇ ಹೇಳಲಿ ಅಂತ.”

“ಅದು ಜಡ್ಡಿಂದಷ್ಟ ಹೇಳತೈತ್ರಿ. ನಂದು ಹೇಳೂದಿಲ್ಲ” ಎಂದಳು ಸುಗಲಾ. ಆಮೇಲೆ, ಇನ್ನೊಂದು ಅವಕಾಶ ಸಿಗಲಾರದೆಂದು, ಕೇಳಿಯೂಬಿಟ್ಟಳು. “ಇದನ್ನ ಕೆಂಪಿಗೇ ಇಟ್ಟು ಹೋಗ್ರಿ ಬಾಯಾರ. ನಿಮಗ ಬರ್ತೈತಿ. ಯಾರಿಗೂ ಗೊತ್ತಾಗೂದಿಲ್ಲ.”

“ಆಗಲ್ಲ. ದೀಪವನ್ನಷ್ಟೇ ಕೆಂಪು ಮಾಡೋದು ನನ್ನ ಕೈಲಿಲ್ಲ, ಬಿಲ್ಲೆ ಕೂಗಿ ಕೆಂಪಾದಾಗೆಲ್ಲ ಔಷಧ ಒಳಗೆ ಹೋಗುತ್ತೆ. ಈಗಲೇ ನಿಮ್ಮ ಮೂತ್ರಪಿಂಡದ ಮೇಲೆ ಭಾರ ಬಿದ್ದಿದೆ. ಇನ್ನೆರಡು ವರ್ಷ ಹೀಗೇ ಕಾಸಿದ್ರೆ ಹರ್ಪಿಸ್ಸೇ ಎಷ್ಟೋ ವಾಸಿ ಅನ್ನೋ ಹಾಗಾಗುತ್ತೆ. ಗೊತ್ತಿದ್ದೂ ಹೇಗೆ ಬಿಟ್ಟು ಹೋಗಲಿ?”

ಹೊರಡುವಾಗ ವಾರಿಜಾ ಅವಳ ಎರಡೂ ಕೈ ಹಿಡಿದುಕೊಂಡಳು. “ನಿಮ್ಮ ಹೆಸರು ಬರೆಯಲ್ಲ, ತಾರೀಕೂ ಬರೆಯಲ್ಲ. ಬೆನ್ನು ಕಾಸೋ ಪದ್ಧತಿಯಿಂದ ಹೀಗಾಗ್ತಿದೆ ಅಂತ ಮಾತ್ರ ವರದಿ ಕೊಡ್ತೀನಿ. ನಿಮ್ಮ ಮಾನಕ್ಕೆ ಏನೂ ಆಗದ ಹಾಗೆ ನೋಡ್ಕೋತೀನಿ” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಹೇಳಿದಂತೆಯೇ ನಡೆದುಕೊಂಡಳು. ಇನ್ನೂರ ಹನ್ನೆರಡು ಹೆಂಗಸರ ಮಾನ ಉಳಿಸಿದ ಆ ವರದಿ ಒಂದೂವರೆ ಪುಟದ್ದು. ಅದರಲ್ಲಿ ಇಟ್ಟಿಗೆ ಇತ್ತು, ಒಲೆ ಇತ್ತು, ಶಾಖದ ಪ್ರಮಾಣವಿತ್ತು. ಗಂಡಂದಿರು ಇರಲಿಲ್ಲ.

ಸಂಸ್ಥೆಯವರು ವರದಿಯನ್ನು ಓದಿ ಸಂತೋಷಪಟ್ಟರು. ಸಮಸ್ಯೆ ಇಟ್ಟಿಗೆಯದಾದರೆ ಪರಿಹಾರ ಸುಲಭ. ಹೊರಗಿನಿಂದ ಬರುವ ಬಿಸಿ ಚರ್ಮದಿಂದ ಒಳಕ್ಕೆ ಇಳಿಯುತ್ತದೆ, ನರಗಂಟಿನ ಬಿಸಿ ಒಳಗಿನಿಂದ ಮೇಲಕ್ಕೆ ಬರುತ್ತದೆ. ಈ ವ್ಯತ್ಯಾಸವನ್ನು ಗುರುತಿಸುವ ಒಂದು ಸಣ್ಣ ತಿದ್ದುಪಡಿಯನ್ನು ಬರೆದು, ಯಾರ ಮನೆಗೂ ಹೋಗದೆ, ತಂತಿಯಿಲ್ಲದ ಜಾಲದ ಮೂಲಕವೇ ಎಲ್ಲ ಬಿಲ್ಲೆಗಳಿಗೂ ಕಳಿಸಿಬಿಟ್ಟರು. ಬೆಂಗಳೂರಿನಲ್ಲಿ ಆ ದಿನ ಕೇಕು ಕತ್ತರಿಸಿದರಂತೆ. ವಾರಿಜಾ ಆ ಕೇಕನ್ನು ತಿಂದಳೋ ಇಲ್ಲವೋ ಗೊತ್ತಿಲ್ಲ.

ಮುಂದಿನ ತಿಂಗಳ ಐದನೆಯ ತಾರೀಕು ಸುಗಲಾ ಎಂದಿನಂತೆ ಮಗ್ಗುಲಾಗಿ ಮಲಗಿದಳು. ಒಂಬತ್ತು ನಿಮಿಷವಾಯಿತು, ಹನ್ನೆರಡಾಯಿತು. ದೀಪ ಹಳದಿಯೂ ಆಗಲಿಲ್ಲ. ದ್ಯಾಮವ್ವ ಇಟ್ಟಿಗೆಯನ್ನು ಮತ್ತೆ ಕಾಸಿ ತಂದಳು.

“ಆರೇತೇನು?”

“ಇಲ್ರಿ ಅತ್ತಿ. ಸುಡಾಕತ್ತೈತಿ.”

ಮೂರನೆಯ ಸಲಕ್ಕೆ ಅವಳು ಸುತ್ತಿದ ಬಟ್ಟೆಯನ್ನು ಒಂದು ಮಡಿಕೆ ಕಡಿಮೆ ಮಾಡಿದಳು. ಚರ್ಮ ಬೊಬ್ಬೆ ಎದ್ದಿತು. ಹುಣ್ಣಿಗೆ ಅಂಜಿ ಬಿಲ್ಲೆ ಹಾಕಿಸಿಕೊಂಡವಳು ತನ್ನ ಕೈಯಾರೆ ಹೊಸ ಗುಳ್ಳೆ ತಂದುಕೊಂಡಳು. ದೀಪ ಮಾತ್ರ ಹಸಿರಾಗಿ, ಸ್ವಲ್ಪವೂ ಕದಲದೆ ಉರಿಯುತ್ತಿತ್ತು. ದ್ಯಾಮವ್ವ ಸೊಸೆಯ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಹಚ್ಚುತ್ತ, “ನನ್ನ ಬಾಯಿ ಸುಡ್ಲಿ, ಅವತ್ತ ಹೇಳಬಾರದಾಗಿತ್ತು” ಎಂದಳು. ಆಮೇಲೆ, ಮಗ ಬರುವ ಹೊತ್ತಿಗೆ ಎದುರಿಗಿರಲು ಮನಸ್ಸಾಗದೆ, ಪಕ್ಕದ ಓಣಿಯ ತಂಗಿಯ ಮನೆಗೆ ಹೋದಳು.

ಮೂರು ಗಂಟೆಯ ಬಸ್ಸಿಗೆ ಫಕೀರೇಶ ಬಂದ. ಚೀಲ ಇಳಿಸಿದ, ಬೂಟು ಕಳಚಿದ, ಗೋಡೆ ನೋಡಿದ.

“ಹಸಿರೈತಿ. ಮಸೇಜ್ ಬಂದಿತ್ತು ನನಗ, ಯಂತ್ರಾ ರಿಪೇರಿ ಆಗೇತಿ ಅಂತ” ಎಂದ. ಮುಖದಲ್ಲಿ ಸಂತೋಷವಿತ್ತು. ಕೈಕಾಲು ತೊಳೆದು ಬಂದು ಕದ ಮುಂದೂಡಿದ.

ಸುಗಲಾ ಗೋಡೆಗೆ ಬೆನ್ನು ಕೊಡಲಾಗದೆ ನೆಟ್ಟಗೆ ಕುಳಿತಿದ್ದಳು. ಸುಟ್ಟ ಜಾಗ ಉರಿಯುತ್ತಿತ್ತು. ಇನ್ನು ಅವಳ ಪರವಾಗಿ ಮಾತಾಡಲು ಹುಣ್ಣಿಲ್ಲ, ಇಟ್ಟಿಗೆಯಿಲ್ಲ, ದೀಪವಿಲ್ಲ. ಬಾಯೊಂದೇ ಉಳಿದಿತ್ತು.

“ನನಗ ಬ್ಯಾಡ್ರಿ” ಎಂದಳು.

ಫಕೀರೇಶನಿಗೆ ಮೊದಲು ಅರ್ಥವಾಗಲಿಲ್ಲ. “ಗುಳ್ಳಿ ಎದ್ದಾವೇನು?”

“ಇಲ್ಲ.”

“ಕಡಿಗಾಗೀದೇನು?”

“ಇಲ್ಲ.”

“ಮತ್ತ?”

“ಬ್ಯಾಡ. ಅಷ್ಟ.”

ಅವನು ಅವಳನ್ನು ನೋಡಲಿಲ್ಲ, ದೀಪವನ್ನು ನೋಡಿದ. ಹತ್ತಿರ ಹೋಗಿ ಗಾಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. ಉಗುರಿನಿಂದ ಎರಡು ಸಲ ತಟ್ಟಿದ. ಹಸಿರು. ಅವನ ಮುಖದ ಮೇಲೆ ಸಿಟ್ಟಿರಲಿಲ್ಲ. ಕಂಬದ ಮೇಲೆ ಮೀಟರು ಒಂದು ಹೇಳಿ ದೀಪ ಇನ್ನೊಂದು ಹೇಳಿದಾಗ ಕೆಲಸಗಾರನ ಮುಖದಲ್ಲಿ ಮೂಡುವ ಅನುಮಾನವಿತ್ತು. ಹೆಂಡತಿಯನ್ನು ಇನ್ನೊಂದು ಮಾತು ಕೇಳಬಹುದಾಗಿತ್ತು. ಯಾಕೆ ಬೇಡ ಎಂದು ಕೇಳಿದ್ದರೆ ಅವಳು ಹೇಳುತ್ತಿದ್ದಳು, ಆ ಗಳಿಗೆಯಲ್ಲಿ ಐದು ವರ್ಷದ್ದೆಲ್ಲ ಹೇಳುತ್ತಿದ್ದಳು. ಅವನು ಜೇಬಿನಿಂದ ಫೋನು ತೆಗೆದ.

ಗಾಳಿಯ ಸದ್ದಿನಲ್ಲಿ ಕಿವಿ ಮಂದವಾಗಿದ್ದುದರಿಂದ ಅವನು ಯಾವಾಗಲೂ ಫೋನಿನ ಧ್ವನಿಯನ್ನು ಜೋರು ಮಾಡಿಯೇ ಮಾತಾಡುವವನು. ಸಹಾಯವಾಣಿಯ ಯಂತ್ರದ ಹೆಣ್ಣುದನಿ ಕೋಣೆಯ ತುಂಬ ಕೇಳಿಸಿತು.

“ನಮಸ್ಕಾರ. ದೀಪದ ಬಣ್ಣ ತಿಳಿಸಿ.”

“ಹಸಿರು.”

“ರೋಗಿಗೆ ಗುಳ್ಳೆ, ಉರಿ ಅಥವಾ ನೋವು ಇದೆಯೇ?”

“ಇಲ್ಲ ಅಂತಾಳ.”

“ಹಾಗಾದರೆ ದೋಷವೇನೆಂದು ತಿಳಿಸಿ.”

ಫಕೀರೇಶ ಕತ್ತು ಕೆರೆದುಕೊಂಡ. “ದೀಪ ಹಸಿರೈತಿ. ಆದ್ರ ಆಕಿ ಬ್ಯಾಡ ಅಂತಾಳ.”

“ಕ್ಷಮಿಸಿ. ಈ ದೋಷ ನಮ್ಮ ಪಟ್ಟಿಯಲ್ಲಿಲ್ಲ. ಹತ್ತಿರದ ದೋಷವನ್ನು ಆರಿಸಿಕೊಳ್ಳಿ. ಒಂದು, ದೀಪ ಉರಿಯುತ್ತಿಲ್ಲ. ಎರಡು, ದೀಪದ ಸೂಚನೆಗೂ ರೋಗಿಯ ಸ್ಥಿತಿಗೂ ತಾಳೆಯಾಗುತ್ತಿಲ್ಲ.”

ಅವನು ಯೋಚಿಸಿದ. “ಎರಡು” ಎಂದ.

“ದೂರು ದಾಖಲಾಗಿದೆ. ನಮ್ಮ ತಂತ್ರಜ್ಞರು ಹದಿನಾಲ್ಕು ದಿನಗಳೊಳಗೆ ಬರುತ್ತಾರೆ. ಅಲ್ಲಿಯವರೆಗೆ ಔಷಧವನ್ನು ತಡೆಹಿಡಿದು, ಮುನ್ನೆಚ್ಚರಿಕೆಯಾಗಿ ದೀಪವನ್ನು ಕೆಂಪಿನಲ್ಲಿ ಇರಿಸಲಾಗುವುದು. ವಂದನೆಗಳು.”

ದೀಪ ಒಮ್ಮೆ ಆರಿ, ಕೆಂಪಾಗಿ ಹೊತ್ತಿಕೊಂಡಿತು.

ಫಕೀರೇಶ ಉಸಿರು ಬಿಟ್ಟ. ಅವನ ಹಣೆಯ ಗಂಟು ಸಡಿಲವಾಯಿತು. “ನೋಡು, ಏನೋ ಕೆಟ್ಟಿತ್ತು” ಎಂದು ಗೂಟದ ಮೇಲಿನ ಹಾಸಿಗೆಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಬಾಗಿಲ ಹತ್ತಿರ ಹೋದವನು ತಿರುಗಿ, ಅಕ್ಕರೆಯಿಂದಲೇ ಎಂಬಂತೆ, “ಮೊದಲ ಹೇಳಬಾರದೇನು?” ಎಂದ.

“ಹೇಳಿದ್ನಲ್ರಿ” ಎಂದಳು ಸುಗಲಾ.

ಅವನಿಗೆ ಕೇಳಿಸಿತೋ ಇಲ್ಲವೋ. ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿದ ಸದ್ದಾಯಿತು, ತುಸು ಹೊತ್ತಿಗೆ ಗೊರಕೆ. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಅವನ ರಜೆ ಹತ್ತು ದಿನ, ದೂರಿನ ಅವಧಿ ಹದಿನಾಲ್ಕು. ಸುಟ್ಟ ಬೆನ್ನು ತಾಗದಂತೆ ಬೋರಲಾಗಿ ಮಲಗಿ ಅವಳು ಅಳತೊಡಗಿದಳು. ಐದು ವರ್ಷ ಬಾಯಿಗೆ ಬಾರದಿದ್ದ ಆ ಒಂದು ಮಾತನ್ನು ಅವಳು ಇಂದು ಆಡಿದ್ದಳು. ಬೆಂಗಳೂರಿನ ದಾಖಲೆಯಲ್ಲಿ ಅದು ಎರಡನೆಯ ನಂಬರಿನ ದೋಷ ಎಂದು ಬರೆದಿತ್ತು.